ಎಂಟರ ಮಗಳಿಂದ ಎಪ್ಪತ್ತರ ಅತ್ತೆಯವರೆಗೆ, ಮನೆಮಂದಿಗೆಲ್ಲ ಕನ್ನಡ ಪುಸ್ತಕ ಹುಡುಕೋದು ಹೇಗೆ?

ನೀವು ಕೇಳಿದ್ದು ಇಷ್ಟು: ಊರು ಹುಬ್ಬಳ್ಳಿ, ಈಗ ಇರೋದು ಪುಣೆಯಲ್ಲಿ. ಮಗಳಿಗೆ ಎಂಟು ವರ್ಷ. ಹದಿನಾಲ್ಕರ ಮಗ ಇಂಗ್ಲಿಷಿನಲ್ಲಿ ದಪ್ಪ ದಪ್ಪ ಫ್ಯಾಂಟಸಿ ಓದುತ್ತಾನೆ, ಕನ್ನಡ ಕೊಟ್ಟರೆ ಎರಡು ಪುಟಕ್ಕೆ ಎದ್ದು ಹೋಗುತ್ತಾನೆ. ಅತ್ತೆಯವರು ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದವರು. ನೀವು ಕಾಲೇಜು ಬಿಟ್ಟ ಮೇಲೆ ಪುಸ್ತಕ ಮುಟ್ಟಿಲ್ಲ. ಯಾರಿಗೆ ಯಾವುದು ಅಂತ ಗೊತ್ತಾಗೋದು ಹೇಗೆ, ಪಿಡಿಎಫ್ ಸಿಗುತ್ತಾ?

ನಾನು ಮೈಸೂರಿನವನು. ನಮ್ಮ ಬಡಾವಣೆಯಲ್ಲಿ ಒಂದು ಸಣ್ಣ ಲೈಬ್ರರಿ ನೋಡಿಕೊಳ್ಳುತ್ತೇನೆ. ಹಾಗಾಗಿ ಈ ಪ್ರಶ್ನೆ ನನಗೆ ಆಗಾಗ ಎದುರಾಗುತ್ತದೆ.

ಮೊದಲು ಒಂದು ವಿಷಯ. ಇಂಗ್ಲಿಷ್ ಪುಸ್ತಕದಂಗಡಿಯಲ್ಲಿ ಇಷ್ಟು ವಯಸ್ಸಿಗೆ ಇಂಥ ಕಪಾಟು ಅಂತ ಬೇರೆ ಬೇರೆ ಇರುತ್ತದಲ್ಲ, ಕನ್ನಡದ ಅಂಗಡಿಯಲ್ಲಿ ಅದನ್ನು ಹುಡುಕಬೇಡಿ. ನಮ್ಮಲ್ಲಿ ಪುಸ್ತಕಗಳು ಲೇಖಕರ ಪ್ರಕಾರವೋ ಪ್ರಕಾಶಕರ ಪ್ರಕಾರವೋ ನಿಂತಿರುತ್ತವೆ. 'ಮಕ್ಕಳ ಸಾಹಿತ್ಯ' ಅಂತ ಒಂದು ಮೂಲೆ, ಮಿಕ್ಕಿದ್ದೆಲ್ಲ ದೊಡ್ಡವರದು. ಹತ್ತರಿಂದ ಹದಿನಾರರ ನಡುವಿನವರಿಗೆ ಅಂತ ಬೋರ್ಡೇ ಇಲ್ಲ. ಅದಕ್ಕೇ ಕನ್ನಡದಲ್ಲಿ ವಯಸ್ಸು ಹಿಡಿದು ಹುಡುಕುವುದಕ್ಕಿಂತ ಲೇಖಕರನ್ನು ಹಿಡಿದು ಹೋಗುವುದು ಲೇಸು. ಯಾಕೆಂದರೆ ನಮ್ಮ ದೊಡ್ಡ ಲೇಖಕರು ಎಲ್ಲ ವಯಸ್ಸಿಗೂ ಬರೆದಿದ್ದಾರೆ. ಇಲಿಗಳ ಕಾಟದ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಬರೆದ ಕುವೆಂಪು ಅವರೇ 'ಮಲೆಗಳಲ್ಲಿ ಮದುಮಗಳು' ಬರೆದರು. 'ಮೂಕಜ್ಜಿಯ ಕನಸುಗಳು' ಬರೆದ ಶಿವರಾಮ ಕಾರಂತರು ಅದಕ್ಕೆ ಎಷ್ಟೋ ಮೊದಲು, 1930ರ ದಶಕದಲ್ಲೇ, ಮಕ್ಕಳಿಗಾಗಿ ಒಬ್ಬರೇ ಕೂತು 'ಬಾಲಪ್ರಪಂಚ' ಅನ್ನೋ ವಿಶ್ವಕೋಶ ಮಾಡಿದ್ದರು. ವೈದೇಹಿಯವರ ಕತೆ ಓದಿರುವವರಲ್ಲಿ ಎಷ್ಟೋ ಜನಕ್ಕೆ ಅವರು 'ಧಾಂ ಧೂಂ ಸುಂಟರಗಾಳಿ' ಅಂತ ಮಕ್ಕಳ ನಾಟಕವನ್ನೂ ಬರೆದದ್ದು ಗೊತ್ತಿಲ್ಲ. ಒಬ್ಬ ಲೇಖಕರು ಹಿಡಿಸಿದರೆ ಅವರ ಜೊತೆಗೇ ಹತ್ತು ವರ್ಷ ನಡೆಯಬಹುದು.

ಇನ್ನು ನಿಮ್ಮ ಮಗನ ವಿಷಯ. ಕಷ್ಟ ಇರುವುದು ಇಲ್ಲೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಅವನ ವಯಸ್ಸು ಹದಿನಾಲ್ಕು, ಆದರೆ ಕನ್ನಡ ಓದುವ ವೇಗ ಎಂಟರ ಹುಡುಗನದು. ಬುದ್ಧಿ ಕೇಳುವುದು ದೊಡ್ಡ ಕತೆ, ಕಣ್ಣಿಗೆ ಸಾಧ್ಯವಾಗುವುದು ಸಣ್ಣ ಸಾಲು. ಹಾಗಂತ ಮಗಳಿಗೆ ತಂದ ಚಿತ್ರದ ಪುಸ್ತಕ ಅವನಿಗೂ ಕೊಟ್ಟರೆ ಅವಮಾನ ಆಗುತ್ತದೆ. ಬೇರೆ ರಾಜ್ಯದಲ್ಲಿ ಬೆಳೆದ ಮಕ್ಕಳೆಲ್ಲರದೂ ಹೆಚ್ಚು ಕಡಿಮೆ ಇದೇ ಪಾಡು. ನಾನು ಲೈಬ್ರರಿಯಲ್ಲಿ ಮಾಡುವುದು ಇಷ್ಟೇ. ಪುಸ್ತಕದ ಮಧ್ಯದ ಒಂದು ಪುಟ ತೆಗೆದು, ಒಂದು ಪ್ಯಾರಾ ಜೋರಾಗಿ ಓದಿಸುತ್ತೇನೆ. ಮೊದಲ ಪುಟ ಬೇಡ, ಅದನ್ನು ಲೇಖಕರು ಬಹಳ ಕಾಳಜಿಯಿಂದ ಬರೆದಿರುತ್ತಾರೆ. ಮಗು ಎಲ್ಲಿ ತಡವರಿಸುತ್ತದೆ ನೋಡಿ. ಹೊಸ ಪದಕ್ಕೆ ನಿಂತರೆ ಚಿಂತೆ ಇಲ್ಲ, ಅರ್ಥ ಕೇಳಿಕೊಂಡು ಮುಂದೆ ಹೋಗುತ್ತದೆ. ಒತ್ತಕ್ಷರಕ್ಕೆ ನಿಂತರೆ ಕಷ್ಟ. 'ಸ್ವಾತಂತ್ರ್ಯ', 'ವೈಶಿಷ್ಟ್ಯ' ಅಂಥವು ಸಾಲಿಗೊಂದು ಬಂದರೆ, ತೊಡಕು ಬಿಡಿಸುವುದರಲ್ಲೇ ಕತೆ ಕೈಜಾರುತ್ತದೆ. ಪ್ಯಾರಾದಲ್ಲಿ ಮೂರ್ನಾಲ್ಕು ಕಡೆ ಹಾಗಾದರೆ ಆ ಪುಸ್ತಕ ನೀವು ಓದಿ ಹೇಳುವುದಕ್ಕೆ, ಅವನು ಒಬ್ಬನೇ ಓದುವುದಕ್ಕಲ್ಲ. ಹದಿನಾಲ್ಕಕ್ಕೂ ಓದಿ ಹೇಳಬಹುದಾ ಅಂತ ಕೇಳಬೇಡಿ, ಧಾರಾಳವಾಗಿ ಹೇಳಬಹುದು. ಮೊಬೈಲ್ ನೋಡುತ್ತಾ ಕೇಳಿಸಿಕೊಳ್ಳದ ಹಾಗೆ ಕೂತಿರುತ್ತಾರೆ. ನೀವು ನಿಲ್ಲಿಸಿದ ಕೂಡಲೇ 'ಆಮೇಲೆ?' ಅಂತಾರೆ.

ಅವನಿಗೆ ನಾನು ಹೇಳುವ ಮೊದಲ ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು'. ಕೆನೆತ್ ಆಂಡರ್ಸನ್ ಬರೆದ ಬೇಟೆಯ ಕತೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದದ್ದು. 'ಬೆಳ್ಳಂದೂರಿನ ನರಭಕ್ಷಕ', 'ಜಾಲಹಳ್ಳಿಯ ಕುರ್ಕ' ಅಂತ ಬೇರೆ ಬೇರೆ ಸಣ್ಣ ಪುಸ್ತಕಗಳಾಗಿ ಸಿಗುತ್ತವೆ. ಸಾಲು ಚಿಕ್ಕವು, ಮಾತು ನೇರ, ಪ್ರತಿ ಕತೆಯಲ್ಲೂ ಯಾರದೋ ಜೀವ ಹೋಗುವ ಭಯ. ಇದು ದಕ್ಕಿದರೆ 'ಪರಿಸರದ ಕತೆ', ಆಮೇಲೆ 'ಕರ್ವಾಲೊ'. ಈ ಅನುಕ್ರಮಕ್ಕೆ ಕಾರಣ ಇದೆ. ಕಿವಿ ಎಂಬ ನಾಯಿ ಈ ಎರಡರಲ್ಲೂ ಬರುತ್ತದೆ. 'ಪರಿಸರದ ಕತೆ' ಓದಿದ ಹುಡುಗನಿಗೆ 'ಕರ್ವಾಲೊ' ತೆರೆದಾಗ ಪರಿಚಯದವರ ಮನೆಗೆ ಹೋದಂತಿರುತ್ತದೆ, ಅಷ್ಟರಲ್ಲಿ ತೇಜಸ್ವಿಯವರ ತಮಾಷೆಯೂ ಕಿವಿಗೆ ಕೂತಿರುತ್ತದೆ. ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗುವ ಆ ಗುಂಪಿನ ಕತೆ 1980ರಲ್ಲಿ ಬಂತು, ಇವತ್ತಿಗೂ ನಮ್ಮ ಕಪಾಟಿನಲ್ಲಿ ನಿಲ್ಲುವುದಿಲ್ಲ. ಪಿಯುಸಿ ಹುಡುಗರೂ ಒಯ್ಯುತ್ತಾರೆ, ರಿಟೈರ್ಡ್ ಮೇಷ್ಟ್ರೂ ಒಯ್ಯುತ್ತಾರೆ. ಇಬ್ಬರೂ ನಗುವುದು ಬೇರೆ ಬೇರೆ ಕಡೆ. ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡು ನಡೆದು ಬಂದವರ ಕತೆ 'ಮಹಾಪಲಾಯನ' ಕೂಡ ಇದೇ ಕೈಯಿಂದ ಬಂದದ್ದು, ಅದನ್ನೂ ಇಟ್ಟುಕೊಂಡಿರಿ.

ಫ್ಯಾಂಟಸಿ ಮಾತ್ರ ಬೇಕು ಅಂತ ಅವನು ಹಟ ಹಿಡಿದರೆ? ನಿಜ ಹೇಳಬೇಕೆಂದರೆ ಅವನು ಇಂಗ್ಲಿಷಿನಲ್ಲಿ ಓದುವಂಥ ಫ್ಯಾಂಟಸಿ ನಮ್ಮಲ್ಲಿ ಕಡಿಮೆ. ಅದರ ಜಾಗದಲ್ಲಿ ಮಹಾಭಾರತ ಇಟ್ಟು ನೋಡಿ. ಪುರಾಣ ಪುಣ್ಯಕತೆ ಅಂತ ಕೊಡಬೇಡಿ, ಮಾಯೆ, ಶಾಪ, ಅಸ್ತ್ರ, ಮೋಸ ಎಲ್ಲ ಇರುವ ದೊಡ್ಡ ಕತೆ ಅಂತ ಕೊಡಿ. ಎ.ಆರ್. ಕೃಷ್ಣಶಾಸ್ತ್ರಿಗಳ 'ವಚನ ಭಾರತ' ಗದ್ಯದಲ್ಲಿದೆ, ಒಂದೇ ಪುಸ್ತಕದಲ್ಲಿ ಇಡೀ ಕತೆ ಮುಗಿಯುತ್ತದೆ. ಭಾಷೆ ಸ್ವಲ್ಪ ಹಳೆಯದು, ಅದಕ್ಕೆ ಇದು ನೀವು ಓದಿ ಹೇಳುವ ಸಾಲಿಗೆ. ಇನ್ನು ನಾಲ್ಕೈದು ವರ್ಷ ಕಳೆದ ಮೇಲೆ ಭೈರಪ್ಪನವರ 'ಪರ್ವ' (1979) ಕೈಗಿಡಿ. ಅದೇ ಕತೆಯಿಂದ ವರ, ಶಾಪ, ಪವಾಡ ಎಲ್ಲ ತೆಗೆದುಹಾಕಿ, ಬರೀ ಮನುಷ್ಯರನ್ನು ಉಳಿಸಿದ್ದಾರೆ. ಒಂದನ್ನು ಓದಿದ ಮೇಲೆ ಇನ್ನೊಂದನ್ನು ಓದುವ ಮಜವೇ ಬೇರೆ. ಥ್ರಿಲ್ಲರ್ ಕಡೆ ಒಲವಿದ್ದರೆ ಕೆ.ಎನ್. ಗಣೇಶಯ್ಯ ಇದ್ದಾರೆ. ಕೃಷಿ ವಿಜ್ಞಾನಿ, ಆದರೆ ಬರೆಯುವುದು ಇತಿಹಾಸದ ಒಗಟು, ನಿಧಿ, ದೇವಸ್ಥಾನದ ಶಿಲ್ಪ. 'ಕರಿಸಿರಿಯಾನ'ದಿಂದ ಶುರು ಮಾಡಲಿ. ಕಾದಂಬರಿಯಲ್ಲೂ ಅಡಿಟಿಪ್ಪಣಿ ಹಾಕುವ ಮನುಷ್ಯ. ಗೂಗಲ್ ಮಾಡಿ ನಿಜವೋ ಸುಳ್ಳೋ ನೋಡುವ ಹುಡುಗರಿಗೆ ಹೇಳಿ ಮಾಡಿಸಿದ ಹಾಗಿದೆ.

ಮಗಳದ್ದು ಸುಲಭ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ 2015ರಿಂದ ಇದೆ. ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಡೌನ್‌ಲೋಡ್ ಮಾಡಿಕೊಳ್ಳಬಹುದು. ಕನ್ನಡದಲ್ಲಿ ಓದುವ ಮಟ್ಟವನ್ನು ಹಂತ ಮಾಡಿ ಪುಸ್ತಕದ ಮೇಲೇ ಹಾಕುವವರು ಅಪರೂಪ, ಇವರು ಹಾಕುತ್ತಾರೆ. ಮೊದಲ ಹಂತದ ಕತೆ 250 ಪದದೊಳಗೆ ಮುಗಿಯುತ್ತದೆ, ಎರಡನೆಯದು 600, ಮೂರನೆಯದು 1500, ನಾಲ್ಕನೆಯದು ಅದಕ್ಕೂ ಮೇಲೆ. ಹಂತವನ್ನು ತರಗತಿಯ ಜೊತೆ ಹೊಂದಿಸಬೇಡಿ. ಪುಣೆಯಲ್ಲಿ ಓದುವ ಮೂರನೇ ಕ್ಲಾಸಿನ ಹುಡುಗಿ ಕನ್ನಡದಲ್ಲಿ ಒಂದನೇ ಹಂತದಿಂದ ಶುರು ಮಾಡಿದರೆ ಏನೂ ತೊಂದರೆ ಇಲ್ಲ, ದಿನಕ್ಕೊಂದು ಪುಸ್ತಕ ಮುಗಿಸಿದ ಹೆಮ್ಮೆ ಬೇರೆ.

ಚಿತ್ರಪುಸ್ತಕ ದಾಟಿದ ಮೇಲೆ ಏನು ಅಂತ ಮುಂದಿನ ವರ್ಷ ಕೇಳುತ್ತೀರಿ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಪ್ರತಿ ವರ್ಷ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಆ ಪಟ್ಟಿಯನ್ನು ತೆಗೆದುಕೊಂಡರೆ ಅರ್ಧ ಕೆಲಸ ಆಯಿತು. ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ' (2021), ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ' (2022), ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್' (2023). ಇವು ಬಂದ ಮೇಲೂ ಬಹಳ ಜನ ಮಕ್ಕಳ ಪುಸ್ತಕ ಅಂದರೆ ಕೊನೇ ಸಾಲಿನಲ್ಲಿ ನೀತಿ ಇರುವ ಮೊಲ-ಆಮೆ ಕತೆ ಅಂದುಕೊಂಡಿದ್ದಾರೆ. ನೀತಿಯ ವಾಸನೆ ಮಕ್ಕಳಿಗೆ ದೂರದಿಂದಲೇ ಬಡಿಯುತ್ತದೆ. ಸಾಧಕರ ಜೀವನಕತೆ ಇಷ್ಟ ಆದರೆ ರಾಷ್ಟ್ರೋತ್ಥಾನದ 'ಭಾರತ-ಭಾರತಿ' ಮಾಲೆಯ ಪುಟ್ಟ ಪುಸ್ತಕಗಳಿವೆ, ಐನೂರಕ್ಕೂ ಜಾಸ್ತಿ. ನಮ್ಮ ತಲೆಮಾರಿನವರು ಇವನ್ನು ಬಹುಮಾನವಾಗಿ ಗೆದ್ದು ತಂದವರೇ. ಆದರೆ ಎಲ್ಲವೂ ಒಂದೇ ಗುಣಮಟ್ಟದವಲ್ಲ, ಆರಿಸಿಕೊಳ್ಳಿ.

ಅತ್ತೆಯವರಿಗೆ ಯಾವ ಪುಸ್ತಕ ಅಂತ ಹುಡುಕುವ ಮೊದಲು ಅವರು ಏನೇನು ಓದಿದ್ದಾರೆ ಅಂತ ಕೇಳಿ. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ ಹೆಸರು ಬಂದೇ ಬರುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹೆಸರು ಸುಮ್ನೆ ಎತ್ತಿ ನೋಡಿ, ಮುಖ ಅರಳಿದರೆ ಅವರಿಗೆ ಪತ್ತೇದಾರಿಯೂ ಆಗುತ್ತದೆ ಅಂತ ಅರ್ಥ. ಮನೆಯಲ್ಲಿ ಯಾರಿಗೂ ಗೊತ್ತಿರದ ಸಂಗತಿ ಇದು! ಅವರು ಧಾರವಾಡ ಸೀಮೆಯವರಾದ್ದರಿಂದ ಎರಡು ಪುಸ್ತಕ ಕಣ್ಣುಮುಚ್ಚಿ ಹೇಳುತ್ತೇನೆ: ರಾವಬಹಾದ್ದೂರರ 'ಗ್ರಾಮಾಯಣ' ಮತ್ತು ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ'. ನಾವು ಮೈಸೂರಿನವರು ಆ ಮಾತನ್ನು ನಿಧಾನವಾಗಿ ಬಿಡಿಸಿಕೊಂಡು ಓದಬೇಕು. ಅವರಿಗೆ ಅದು ಅಂಗಳದ ಮಾತು. ಹೊಸ ಪ್ರಕಾರಕ್ಕೆ ಎಳೆಯಬೇಕು ಅಂದರೆ ಪ್ರವಾಸ ಕಥನ ಒಳ್ಳೆಯ ದಾರಿ. ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಓದಿದ ಮೇಲೆ ಅವರದೇ 'ಯಾದ್ ವಶೇಮ್' ಕಾದಂಬರಿಗೆ ಹೋಗಬಹುದು. ಹಿಟ್ಲರನ ಕಾಲದಲ್ಲಿ ಜರ್ಮನಿಯಿಂದ ಬಂದ ಯಹೂದಿ ಹುಡುಗಿಯ ಕತೆ ಅದು. ಅತ್ತೆಯವರು ಮುಗಿಸಿದ ಮೇಲೆ ನಿಮ್ಮ ಮಗನ ಕೈಗೂ ಬರಬಹುದು. ಕಣ್ಣು ನೋಯುತ್ತದೆ ಅಂದರೆ ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡ ಆಡಿಯೋ ಪುಸ್ತಕ ಇವೆ.

ನಿಮಗೆ ಸಣ್ಣದರಿಂದ ಶುರು. ವಿವೇಕ ಶಾನಭಾಗರ 'ಘಾಚರ್ ಘೋಚರ್' ನೂರರ ಆಸುಪಾಸಿನ ಪುಟ, ಒಂದು ಭಾನುವಾರಕ್ಕೆ ಸಾಕು. ಪುಣೆಯಲ್ಲಿದ್ದೀರಿ ಅಂದ ಮೇಲೆ ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳನ್ನು ಬಿಡಬೇಡಿ. ಲೋಕಲ್ ರೈಲು, ಚಾಳು, ಆಸ್ಪತ್ರೆ, ಎಲ್ಲ ಕನ್ನಡದಲ್ಲಿ. ಆ ಕತೆಗಳ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿ (2018) ಬಂದಿದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಎಲ್ಲರೂ ಬಾನು ಮುಷ್ತಾಕ್ ಅವರನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದಾರೆ. ನೀವು ಕನ್ನಡದವರು, ಮೂಲದಲ್ಲೇ ಓದಿ.

ಯಾವ ಬಗೆ ಇಷ್ಟ ಅಂತಲೇ ಗೊತ್ತಿಲ್ಲದಿದ್ದರೆ ಸಂಕಲನ ಹಿಡಿಯಿರಿ. ನಿರಂಜನ ಅವರ ಸಂಪಾದಕತ್ವದಲ್ಲಿ ನವಕರ್ನಾಟಕ ತಂದ 'ವಿಶ್ವಕಥಾಕೋಶ' 25 ಸಂಪುಟ, ಒಂದೊಂದರಲ್ಲೂ ಬೇರೆ ಬೇರೆ ನಾಡುಗಳ ಕತೆಗಳು. ಒಂದು ಸಂಪುಟ ಮುಗಿಸಿದರೆ ನಿಮ್ಮ ರುಚಿ ನಿಮಗೇ ತಿಳಿಯುತ್ತದೆ. ಇನ್ನೊಂದು ಉಪಾಯ: ಕನ್ನಡ ಪುಸ್ತಕದ ಕೊನೇ ಪುಟಗಳಲ್ಲಿ ಪ್ರಕಾಶಕರ ಇತರ ಪ್ರಕಟಣೆಗಳ ಪಟ್ಟಿ ಇರುತ್ತದಲ್ಲ, ಅದನ್ನು ಜಾಹೀರಾತು ಅಂತ ಬಿಡಬೇಡಿ. ಒಂದು ಪುಸ್ತಕ ಹಿಡಿಸಿದರೆ ಅದೇ ಮನೆಯ ಇನ್ನೊಂದೂ ಹಿಡಿಸುವ ಸಾಧ್ಯತೆ ಜಾಸ್ತಿ. ಹೊಸ ಕತೆಗಾರರು ಬೇಕಾದರೆ ಛಂದ ಪುಸ್ತಕ, ಗಂಭೀರ ಸಾಹಿತ್ಯಕ್ಕೆ ಹೆಗ್ಗೋಡಿನ ಅಕ್ಷರ ಪ್ರಕಾಶನ. ಮುನ್ನುಡಿಯನ್ನು ಮಾತ್ರ ಕೊನೆಗೆ ಓದಿ, ಬರೆದವರು ಕತೆಯನ್ನೇ ಹೇಳಿಬಿಟ್ಟಿರುತ್ತಾರೆ.

ರಜೆಗೆ ಹುಬ್ಬಳ್ಳಿಗೆ ಬಂದಾಗ ಧಾರವಾಡಕ್ಕೆ ಹೋಗಿ. ಸುಭಾಸ ರಸ್ತೆಯಲ್ಲಿ 1933ರಿಂದ ನಡೆದುಬಂದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಮಹಡಿಯ ಮೇಲಿನ ಜಾಗ 'ಅಟ್ಟ' ಇದೆ, 'ಹಳ್ಳ ಬಂತು ಹಳ್ಳ' ಅವರದೇ ಪ್ರಕಟಣೆ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರೇ ಆರಿಸಲಿ. ಊರಲ್ಲಿ ನಿಮ್ಮ ಮನೆ ಇದ್ದರೆ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಲು ಸಂಕೋಚ ಬೇಡ, ಮನೆ ತೆರಿಗೆಯ ಜೊತೆ 6% ಗ್ರಂಥಾಲಯ ಕರ ಕಟ್ಟಿಯೇ ಇರುತ್ತೀರಿ.

ಪಿಡಿಎಫ್ ವಿಷಯ: ಸ್ಟೋರಿವೀವರ್‌ನಲ್ಲಿ ಇರುವುದು ಕಾನೂನುಬದ್ಧ, ಎಷ್ಟು ಬೇಕಾದರೂ ಇಳಿಸಿಕೊಳ್ಳಿ. ಟೆಲಿಗ್ರಾಂನಲ್ಲಿ ಓಡಾಡುವ ಕಾದಂಬರಿಗಳು ಕದ್ದವು. ಅದು ಹಾಗಿರಲಿ ಅಂದರೂ, ವಾರೆಯಾಗಿ ಸ್ಕ್ಯಾನ್ ಮಾಡಿದ ಪುಟದಲ್ಲಿ, ಮೊಬೈಲ್ ಪರದೆಯ ಮೇಲೆ, ಒತ್ತಕ್ಷರ ಇರುವೆಯಷ್ಟು ಸಣ್ಣದಾಗಿ ಕಾಣುತ್ತದೆ. ನಿಮ್ಮ ಮಗನ ಕೈಗೆ ಅದನ್ನಂತೂ ಕೊಡಬೇಡಿ. 'ಜಾಲಹಳ್ಳಿಯ ಕುರ್ಕ' ತರಿಸಿ ಅವನ ಚಾರ್ಜರ್ ಪಕ್ಕ ಇಟ್ಟು ನೋಡಿ. ಏನಾಯಿತು ಅಂತ ಇಲ್ಲೇ ಕಾಮೆಂಟಿನಲ್ಲಿ ಹಾಕಿ, ಮುಂದಿನದನ್ನು ಅದರ ಮೇಲೆ ಹೇಳುತ್ತೇನೆ.