ಮೂಳೆ ಕೂಡಿದೆ, ಆದರೆ ಕೋಟೆ ಹತ್ತಲು ಭಯ

ಪ್ರಶ್ನೆ: ನನಗೆ 38 ವರ್ಷ, ಚಿತ್ರದುರ್ಗದವನು. ಎಂಟು ತಿಂಗಳ ಹಿಂದೆ ಹೈವೇಯಲ್ಲಿ ಬೈಕ್‌ನಿಂದ ಬಿದ್ದು ಬಲತೊಡೆಯ ಮೂಳೆ ಮುರಿದು, ರಾಡ್ ಹಾಕಿದ್ದಾರೆ. ಮೂಳೆ ಕೂಡಿದೆ, ವ್ಯಾಯಾಮ ಮಾಡಬಹುದು ಎಂದಿದ್ದಾರೆ ಡಾಕ್ಟರು. ಮೊದಲು ದಿನಾ ಬೆಳಿಗ್ಗೆ ಕೋಟೆ ಹತ್ತುತ್ತಿದ್ದೆ. ಈಗ ಮನೆ ಮೆಟ್ಟಿಲು ಇಳಿಯುವಾಗಲೇ ಮಂಡಿ ಕುಸಿದಂತಾಗುತ್ತದೆ. ಮನೆಯವರು ಬೇಡವೇ ಬೇಡ ಎನ್ನುತ್ತಾರೆ. ಏನು ಮಾಡಲಿ?

ಫಿಸಿಯೋಥೆರಪಿಸ್ಟ್ ಉತ್ತರ: ಮೊದಲು ಮಂಡಿಯನ್ನು ಪರೀಕ್ಷೆ ಮಾಡಿಸಿ. ಬೈಕ್ ಅಪಘಾತದಲ್ಲಿ ತೊಡೆಮೂಳೆ ಮುರಿದವರಿಗೆ ಮಂಡಿಯ ಲಿಗಮೆಂಟೂ (ಮೂಳೆಗಳನ್ನು ಜೋಡಿಸಿ ಹಿಡಿಯುವ ಪಟ್ಟಿ) ಹರಿದಿರುವುದುಂಟು. ದೊಡ್ಡ ಪೆಟ್ಟಿನ ಗಡಿಬಿಡಿಯಲ್ಲಿ ಅದು ಕಣ್ತಪ್ಪಿ ಹೋಗುತ್ತದೆ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ.

ಲಿಗಮೆಂಟ್ ಸರಿಯಿದ್ದರೆ, ಸೊರಗಿರುವುದು ತೊಡೆಯ ಮುಂದಿನ ಸ್ನಾಯು. ಮಂಡಿಚಿಪ್ಪಿನಿಂದ 15 ಸೆಂ.ಮೀ. ಮೇಲೆ ಟೇಪು ಸುತ್ತಿ ಎರಡೂ ತೊಡೆ ಅಳೆಯಿರಿ, ನಿಮಗೇ ಗೊತ್ತಾಗುತ್ತದೆ. ಬಾವಿಗೆ ಕೊಡ ಇಳಿಬಿಡುವಾಗ ಹಗ್ಗವನ್ನು ಸಡಿಲಿಸುತ್ತಲೇ ಬಿಗಿಹಿಡಿಯಬೇಕಲ್ಲ, ಮೆಟ್ಟಿಲು ಇಳಿಯುವಾಗ ಆ ಸ್ನಾಯು ಮಾಡುವುದೂ ಅದನ್ನೇ. ಹತ್ತುವುದಕ್ಕಿಂತ ಇಳಿಯುವುದೇ ನಿಮ್ಮನ್ನು ಹೆದರಿಸುತ್ತಿರುವುದು ಅದಕ್ಕೇ.

ಕುರ್ಚಿಯಿಂದ ಎದ್ದು ಕೂರುವುದರಿಂದ ಶುರುಮಾಡಿ. ಏಳುವಾಗ ಸಹಜವಾಗಿ ಏಳಿ, ಕೂರುವಾಗ ನಾಲ್ಕು ಎಣಿಸುತ್ತಾ ನಿಧಾನವಾಗಿ ಕೂರಿ. ಹತ್ತು ಸಲದ ಮೂರು ಸುತ್ತು, ದಿನ ಬಿಟ್ಟು ದಿನ. ಇದು ಹಗುರವೆನಿಸಿದ ಮೇಲೆ ಗೋಡೆ ಹಿಡಿದು, ಗೇಣಿಗಿಂತ ಕಮ್ಮಿ ಎತ್ತರದ ಮೆಟ್ಟಿಲ ಮೇಲೆ ಬಲಗಾಲಲ್ಲಿ ನಿಂತು, ಎಡ ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕೆ ತಾಕಿಸಿ. ನೋವು ಹತ್ತಕ್ಕೆ ಮೂರರಷ್ಟಿದ್ದು, ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಚಿಂತೆಯಿಲ್ಲ. ಮಂಡಿ ಊದಿದ್ದರೆ ಎಣಿಕೆ ಅರ್ಧ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಮೀನಖಂಡ ಊದಿ ನೋಯುವುದು, ಮುರಿದ ಜಾಗದಲ್ಲಿ ಹೊಸ ನೋವು ಕಂಡರೆ ಡಾಕ್ಟರ ಬಳಿ ತಡಮಾಡದೆ ಹೋಗಿ. ಉಸಿರುಗಟ್ಟಿದರೆ ಸೀದಾ ಆಸ್ಪತ್ರೆಗೇ.

ಕುರ್ಚಿಯಿಂದ ಬಲಗಾಲೊಂದರಲ್ಲೇ ಎಡಗಾಲಿನಷ್ಟೇ ಸಲ ಏಳಲು ಬಂದ ದಿನ ಕೋಟೆಗೆ ಹೋಗಿ. ಏಳು ಸುತ್ತನ್ನೂ ಹತ್ತುವ ಆಸೆ ಬೇಡ, ಮೊದಲ ಬಾಗಿಲವರೆಗೆ ಸಾಕು. ಸವೆದು ನುಣುಪಾದ ಕಲ್ಲು, ಮಳೆ ಬಂದ ದಿನ ಬೇಡವೇ ಬೇಡ. ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು.

ಮನೆಯವರ ಮೇಲೆ ಸಿಟ್ಟಾಗಬೇಡಿ. ಆ ರಾತ್ರಿ ಆಸ್ಪತ್ರೆಯ ಬಾಗಿಲಲ್ಲಿ ಕಾದವರು ಅವರು. ನೀವು ಕುರ್ಚಿಯಿಂದ ಏಳುವಾಗ ಎದುರಿಗೆ ಕೂರಿಸಿಕೊಂಡು ಅವರಿಂದಲೇ ಎಣಿಕೆ ಮಾಡಿಸಿ. ಕೋಟೆಗೆ ಹೋಗುವ ಮೊದಲ ದಿನ ಜೊತೆಗೆ ಕರೆದೊಯ್ಯಿರಿ.