ಮಗನಿಗೆ ಸ್ವಲ್ಪ ಮಟ್ಟಿನ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ, ಹಿಡಿತ ಕಷ್ಟವಾಗುವ ಸ್ಥಿತಿ) ಇದೆ, ಕ್ಲಾಸಲ್ಲಿ ತುಂಬಾ ಹಠ ಮಾಡುತ್ತಾನೆ. ಶಾಲೆಯಲ್ಲಿ ಏನು ಕೇಳಬಹುದು?

ಹಠ ಯಾವ ಹೊತ್ತಿಗೆ ಶುರುವಾಗುತ್ತದೆ ಅಂತ ಟೀಚರ್ ಒಂದು ವಾರ ಬರೆದಿಡಲಿ. ಎಷ್ಟೋ ಸಲ ಅದು ಹಠವೇ ಅಲ್ಲ, ಸುಸ್ತು. ಬೋರ್ಡ್ ನೋಡಿ ಬರೆಯುವಾಗ ಬೆರಳು ಬಿಗಿಯುತ್ತದೆ, ಎರಡು ಸಾಲು ಮುಗಿಸುವಷ್ಟರಲ್ಲಿ ಟೀಚರ್ ಬೋರ್ಡ್ ಒರೆಸಿರುತ್ತಾರೆ, ಆಗ ಪುಸ್ತಕ ಎಸೆಯದೆ ಮಗು ಇನ್ನೇನು ಮಾಡುತ್ತದೆ ಹೇಳಿ? ಬರೆಯುವುದನ್ನು ಅರ್ಧ ಮಾಡಿ, ಉಳಿದದ್ದನ್ನು ಬಾಯಲ್ಲೇ ಕೇಳಲಿ. ಪಾದ ನೆಲಕ್ಕೆ ತಾಗುವಂಥ ಕುರ್ಚಿ ಕೊಡಿಸಿ, ಇದು ಸಣ್ಣ ವಿಷಯ ಅಲ್ಲ. ಹೊರಗೆ ನಿಲ್ಲಿಸುವುದಂತೂ ಬೇಡವೇ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿ ಸೇರಿದೆ, ಮಗುವಿಗೆ ತಕ್ಕ ಅನುಕೂಲ, ಪರೀಕ್ಷೆಯಲ್ಲಿ ಜಾಸ್ತಿ ಸಮಯ ಎರಡೂ ಅದರಲ್ಲಿವೆ. ಸುಮ್ನೆ ಬಾಯಿಮಾತಲ್ಲಿ ಕೇಳಬೇಡಿ, ಹೆಡ್‌ಮಾಸ್ಟರಿಗೆ ಬರೆದು ಕೊಡಿ.