ಜಕಾತಿ ನಾಕಾದಿಂದ ಶುರುಮಾಡಿ

ಮಾನ್ಯರೇ,

ನೀವು ಕಳುಹಿಸಿದ ‘ಆರ್ಥಿಕ ಒಕ್ಕೂಟವೂ ದೇಶದ ಸಾರಿಗೆ ನೀತಿಯೂ’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಮುಂಬಯಿಯ ಕನ್ನಡ ಮಾಸಿಕಕ್ಕೆ ಕತೆ, ಕವಿತೆ, ಊರಿನ ನೆನಪುಗಳು ಧಾರಾಳವಾಗಿ ಬರುತ್ತವೆ. ಲಾರಿ, ಸುಂಕ, ರೈಲುದಾರಿಗಳ ಬಗ್ಗೆ ಬರೆಯಬಲ್ಲವರು ವರ್ಷಕ್ಕೊಬ್ಬರು ಸಿಕ್ಕರೂ ಹೆಚ್ಚು. ಹೀಗಾಗಿ ಎರಡು ಸಾಲಿನ ವಿಷಾದದ ಕಾಗದ ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ಒಕ್ಕೂಟ ಸೇರಿದ ದಿನವೇ ದೇಶವು ತನ್ನ ಸಾರಿಗೆ ನೀತಿಯನ್ನು ಕಳೆದುಕೊಳ್ಳುತ್ತದೆ, ಹೊರಗುಳಿದದ್ದು ಉಳಿಸಿಕೊಳ್ಳುತ್ತದೆ ಎಂಬುದು ನಿಮ್ಮ ವಾದ. ಅದಕ್ಕೆ, ಇಂದಿನ ಯುರೋಪಿಯನ್ ಒಕ್ಕೂಟಕ್ಕೆ ಬುನಾದಿಯಾದ 1957ರ ರೋಮ್ ಒಪ್ಪಂದವನ್ನು ಸಾಕ್ಷಿಯಾಗಿ ನಿಲ್ಲಿಸಿದ್ದೀರಿ. ಆ ಒಪ್ಪಂದದಲ್ಲಿ ಸಮಾನ ಸಾರಿಗೆ ನೀತಿಯ ಮಾತು ಇದ್ದದ್ದು ನಿಜ, ಆದರೆ ಸದಸ್ಯ ಸರ್ಕಾರಗಳು ಅದನ್ನು ಮುಂದೂಡುತ್ತಲೇ ಬಂದವು. ಕೊನೆಗೆ ಯುರೋಪಿನ ಸಂಸತ್ತೇ ಆ ಸರ್ಕಾರಗಳ ಸಚಿವರು ಕೂಡುವ ಮಂಡಳಿಯನ್ನು ನ್ಯಾಯಾಲಯಕ್ಕೆ ಎಳೆಯಬೇಕಾಯಿತು; ಗಡಿ ದಾಟುವ ಸಾಗಣೆಗೆ ಸ್ವಾತಂತ್ರ್ಯ ಕೊಡಿಸುವ ಕರ್ತವ್ಯದಲ್ಲಿ ಮಂಡಳಿ ತಪ್ಪಿದೆ ಎಂಬ ತೀರ್ಪು ಬಂದದ್ದು 1985ರ ಮೇ ತಿಂಗಳಲ್ಲಿ. ಸಹಿ ಬಿದ್ದ ದಿನಕ್ಕೂ ಆ ತೀರ್ಪಿಗೂ ನಡುವೆ ಇಪ್ಪತ್ತೆಂಟು ವರ್ಷಗಳಿವೆ. ನಿಮ್ಮ ಲೇಖನದಲ್ಲಿ ಅವು ಒಂದು ಅಲ್ಪವಿರಾಮದಷ್ಟೂ ಜಾಗ ಪಡೆದಿಲ್ಲ.

ಇನ್ನು ಆಸ್ಟ್ರಿಯ. ಅದನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ, ಆದರೆ ಇಡೀ ಲೇಖನ ನಿಲ್ಲಬೇಕಾದ ನೆಲ ಅದೇ. ಜರ್ಮನಿಯಿಂದ ಇಟಲಿಗೆ ಹೋಗುವ ಲಾರಿಗಳು ಟಿರೋಲ್ ಪ್ರಾಂತದ ಇಕ್ಕಟ್ಟಾದ ಕಣಿವೆಗಳಲ್ಲಿ ಸಾಗಿ ಬ್ರೆನ್ನರ್ ಘಾಟಿ ಹತ್ತುತ್ತವೆ. ಹೊಗೆಯೂ ಸದ್ದೂ ಕಣಿವೆಯವರ ಪಾಲು. ಒಕ್ಕೂಟ ಸೇರುವುದಕ್ಕೆ ಮೊದಲೇ, 1993ರಿಂದ, ಅಲ್ಲಿ ‘ಇಕೋ ಪಾಯಿಂಟ್’ ಪದ್ಧತಿ ಜಾರಿಗೆ ಬಂದಿತ್ತು. ದೇಶವನ್ನು ಹಾದುಹೋಗುವ ಪ್ರತಿ ಲಾರಿಯೂ ತನ್ನ ಎಂಜಿನ್ ಉಗುಳುವ ನೈಟ್ರೋಜನ್ ಆಕ್ಸೈಡಿಗೆ ತಕ್ಕಷ್ಟು ಅಂಕಗಳನ್ನು ತೆರಬೇಕಿತ್ತು, ಅಂಕಗಳ ಒಟ್ಟು ಮೊತ್ತಕ್ಕೆ ಮಿತಿ ಇತ್ತು. 1995ರ ಜನವರಿ 1ರಂದು ಆಸ್ಟ್ರಿಯ ಯುರೋಪಿಯನ್ ಒಕ್ಕೂಟ ಸೇರಿದಾಗ ಈ ಪದ್ಧತಿ ರದ್ದಾಗಲಿಲ್ಲ. ಸೇರ್ಪಡೆಯ ಕರಾರಿನೊಳಗೇ ಒಂದು ಗಡುವಿನೊಡನೆ ಉಳಿದುಕೊಂಡು, 2003ರ ಕೊನೆಗೆ ಮುಗಿಯಿತು. ಅದೇ ವರ್ಷ ಟಿರೋಲ್ ಆಡಳಿತವು ಇನ್ ನದಿಯ ಕಣಿವೆಯ ಹೆದ್ದಾರಿಯ 46 ಕಿ.ಮೀ. ಉದ್ದಕ್ಕೆ, ಕೆಲವು ಬಗೆಯ ಸರಕು ಹೊತ್ತ 7.5 ಟನ್ನಿಗಿಂತ ಭಾರದ ಲಾರಿಗಳನ್ನು ನಿಷೇಧಿಸುವ ಆದೇಶ ಹೊರಡಿಸಿತು. ಒಕ್ಕೂಟದ ನ್ಯಾಯಾಲಯ 2005ರಲ್ಲಿ ಅದು ತಪ್ಪೆಂದಿತು.

ಯಾಕೆ ತಪ್ಪೆಂದಿತು ಎಂಬುದನ್ನು ದಯವಿಟ್ಟು ಗಮನಿಸಿ. ಕಣಿವೆಯ ಗಾಳಿಯನ್ನು ಕಾಯುವ ಹಕ್ಕು ಆಸ್ಟ್ರಿಯಕ್ಕಿಲ್ಲ ಎಂದು ನ್ಯಾಯಾಲಯ ಹೇಳಲಿಲ್ಲ. ಇಷ್ಟು ಕಠಿಣ ಕ್ರಮಕ್ಕೆ ಕೈಹಾಕುವ ಮುನ್ನ ಅದಕ್ಕಿಂತ ಹಗುರವಾದ ದಾರಿಗಳನ್ನು ಪರಿಶೀಲಿಸಿದಿರಾ, ಲಾರಿಯಿಂದ ಇಳಿಸಿದ ಸರಕನ್ನು ಹೊರಲು ರೈಲಿನಲ್ಲಿ ಜಾಗವಿದೆಯೆಂದು ಖಚಿತಪಡಿಸಿಕೊಂಡಿರಾ ಎಂದು ಕೇಳಿತು. ಒಕ್ಕೂಟ ಸೇರಿದ ಮೇಲೆ ದೇಶದ ಕೈಯಿಂದ ನೀತಿ ಮಾಯವಾಗುವುದಿಲ್ಲ. ನೆರೆಯವರ ಮೇಲೆ ಭಾರ ಬೀಳುವ ಪ್ರತಿ ನಿರ್ಧಾರಕ್ಕೂ ನೆರೆಯವರ ಎದುರಿನಲ್ಲೇ ಕಾರಣ ಕೊಡುವ ಹೊಣೆ ಹೆಗಲೇರುತ್ತದೆ. ಈ ಹೊಣೆ ಕಣಿವೆಯ ಜನರಿಗೆ ನ್ಯಾಯ ಕೊಡಿಸಿದೆಯೇ ಎಂಬ ಬಗ್ಗೆ ನನಗೂ ಗಂಭೀರವಾದ ಅನುಮಾನವಿದೆ. ನಿಮ್ಮ ಸಿಟ್ಟು ಸರಿಯಾಗಿ ಬೀಳಬೇಕಾದ ಜಾಗವೂ ಅದೇ. ಆ ಜಗಳ ಇನ್ನೂ ಮುಗಿದಿಲ್ಲ: ಅದೇ ದಾರಿಯ ಮೇಲಿನ ನಿರ್ಬಂಧಗಳ ವಿರುದ್ಧ 2024ರಲ್ಲಿ ಇಟಲಿ ಅದೇ ನ್ಯಾಯಾಲಯದ ಮೆಟ್ಟಿಲು ಹತ್ತಿತು.

ಹೊರಗುಳಿದವರ ಸ್ವಾತಂತ್ರ್ಯಕ್ಕೆ ನೀವು ಕೊಟ್ಟ ಉದಾಹರಣೆ ಸ್ವಿಟ್ಜರ್ಲೆಂಡ್. ಅದು ನಿಮ್ಮ ವಾದಕ್ಕೇ ಎದುರು ನಿಲ್ಲುತ್ತದೆ. ಅಲ್ಲಿ ಲಾರಿಯ ತೂಕಕ್ಕೆ 28 ಟನ್ನಿನ ಮಿತಿ ಇತ್ತು. ಒಕ್ಕೂಟದ ಮಾರುಕಟ್ಟೆಗೆ ದಾರಿ ಬೇಕೆಂದು 1999ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಸ್ವಿಸ್ ಸರ್ಕಾರ ಅದನ್ನು 2001ರಲ್ಲಿ 34ಕ್ಕೂ 2005ರಲ್ಲಿ 40ಕ್ಕೂ ಏರಿಸಿತು. ಅದಕ್ಕೆ ಪ್ರತಿಯಾಗಿ ತೂಕ, ದೂರ, ಹೊಗೆ ಮೂರನ್ನೂ ಲೆಕ್ಕ ಹಿಡಿದು ಲಾರಿಗಳಿಂದ ಶುಲ್ಕ ವಸೂಲು ಮಾಡುವುದಕ್ಕೆ ಒಪ್ಪಿಗೆ ಪಡೆಯಿತು. 2016ರಲ್ಲಿ ತೆರೆದ 57 ಕಿ.ಮೀ. ಉದ್ದದ ಗೊಟ್ಹಾರ್ಡ್ ರೈಲು ಸುರಂಗಕ್ಕೆ ಆ ಶುಲ್ಕದ ಹಣವೂ ಸೇರಿದೆ. ಹೊರಗಿದ್ದವರೂ ಬಿಟ್ಟುಕೊಟ್ಟರು, ಆದರೆ ಬಿಟ್ಟುಕೊಡುವಾಗ ಬೆಲೆ ಕಟ್ಟಿದರು. ಇದನ್ನು ಆಸ್ಟ್ರಿಯದ ಪಕ್ಕದಲ್ಲಿಟ್ಟು ನೋಡಿದರೆ ನಿಮಗೆ ಹೊಸ ಲೇಖನವೇ ಸಿಗುತ್ತದೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಸಾರ್ವಭೌಮತ್ವ’ ಎಂಬ ಪದ ಹತ್ತೊಂಬತ್ತು ಕಡೆ ಬಂದಿದೆ, ‘ಲಾರಿ’ ಎರಡೇ ಕಡೆ. ಈ ಲೆಕ್ಕ ತಿರುಗಲಿ.

ಐದನೆಯ ಪುಟದಲ್ಲಿ, ಆವರಣ ಚಿಹ್ನೆಯೊಳಗೆ, ನೀವು ಗುಮಾಸ್ತರಾಗಿದ್ದಾಗ ಮುಂಬಯಿಯ ಅಂಚಿನ ಜಕಾತಿ ನಾಕಾದಲ್ಲಿ, ಅಂದರೆ ನಗರದೊಳಗೆ ಬರುವ ಸರಕಿಗೆ ನಗರಪಾಲಿಕೆ ಸುಂಕ ವಸೂಲು ಮಾಡುತ್ತಿದ್ದ ಕಟ್ಟೆಯಲ್ಲಿ, ಸರಕಿನ ಪಟ್ಟಿ ಹಿಡಿದು ನಿಲ್ಲುತ್ತಿದ್ದ ನೆನಪನ್ನು ನಾಲ್ಕು ಸಾಲಿನಲ್ಲಿ ಬರೆದಿದ್ದೀರಿ. ಇಡೀ ಹಸ್ತಪ್ರತಿಯಲ್ಲಿ ನನಗೆ ಉಸಿರು ಕೇಳಿಸಿದ್ದು ಅಲ್ಲಿ ಮಾತ್ರ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಆ ಜಕಾತಿ ನಿಂತಿತು. ನಗರಪಾಲಿಕೆ ತಾನೇ ವಸೂಲು ಮಾಡುತ್ತಿದ್ದ ಹಣದ ಬದಲು ರಾಜ್ಯ ಕೊಡುವ ಪರಿಹಾರವನ್ನು ನೆಚ್ಚಿಕೊಂಡಿತು. ಒಂದು ದೇಶದೊಳಗಿನ ಈ ಬದಲಾವಣೆಯೂ ದೇಶಗಳ ಒಕ್ಕೂಟವೂ ಒಂದೇ ಅಲ್ಲ ಎಂಬುದನ್ನು ನೀವು ಸ್ಪಷ್ಟವಾಗಿ ಹೇಳಬೇಕು. ಆದರೂ ಡೊಂಬಿವಲಿಯಲ್ಲೋ ಪನ್ವೇಲಿನಲ್ಲೋ ಕೂತು ಓದುವ ನಮ್ಮವರಿಗೆ, ಕಟ್ಟೆ ಕಿತ್ತಾಗ ಲಾರಿಗೆ ಏನು ಸಿಗುತ್ತದೆ, ಕಟ್ಟೆ ಇಟ್ಟುಕೊಂಡಿದ್ದವರು ಏನು ಬಿಡುತ್ತಾರೆ ಎಂಬುದು ಬ್ರೆನ್ನರಿಗೆ ಹೋಗುವ ಮೊದಲೇ ಕಣ್ಣಿಗೆ ಕಟ್ಟುತ್ತದೆ. ಕೋಲಾಡದಿಂದ ಗೋವೆಯ ವೆರ್ಣಾಕ್ಕೆ ಲಾರಿಗಳನ್ನೇ ಹೊತ್ತು ಸಾಗುವ ಕೊಂಕಣ ರೈಲ್ವೆಯ ರೋ-ರೋ ಗಾಡಿ 1999ರಿಂದ ಓಡುತ್ತಿದೆ. ಆಲ್ಪ್ಸಿನಲ್ಲಿ ಲಾರಿಗಳನ್ನು ರೈಲಿಗೇರಿಸುವುದನ್ನು ವಿವರಿಸುವಾಗ ಅದನ್ನು ಹೇಗೆ ಮರೆತಿರೋ ತಿಳಿಯದು.

ಆವರಣ ಚಿಹ್ನೆ ತೆಗೆದು ಆ ನಾಲ್ಕು ಸಾಲನ್ನು ಒಂದು ಪುಟವಾಗಿ ಬೆಳೆಸಿ, ಅದರಿಂದಲೇ ಆರಂಭಿಸಿ. ಬ್ರೆನ್ನರ್, ಸ್ವಿಟ್ಜರ್ಲೆಂಡ್ ಇವೆರಡು ಸಾಕು. ಉಳಿದ ಒಂಬತ್ತು ದೇಶಗಳನ್ನು ಬಿಡಿ. ಒಟ್ಟು ಎರಡು ಸಾವಿರ ಪದ ಮೀರದಿರಲಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ, ಬಂದ ವಾರದಲ್ಲೇ ಓದುತ್ತೇನೆ.

ಇತಿ,
ಸಂಪಾದಕ